ಸಪ್ಪಳದ ಗೆರಿ

ಹಾತಲಗೇರಿ ನಾಕಾದ ಹತ್ತಿರ ಮುಚ್ಚಿದ ಸೈಬರ್ ಕೆಫೆಯಿಂದ
ಎರಡು ಸಾವಿರಕ್ಕ ಹೊತ್ತು ತಂದ ಕಂಪ್ಯೂಟರ್.
ಅದರ ಹೊಟ್ಟಿಯೊಳಗ ಯಾರೋ ಬಿಟ್ಟು ಹೋದ
ಒಂದು ಹಳೇ ಆಟ.
ಅಕ್ಕನ ಮಗ ಲೋಕೂಸಾ, ಹನ್ನೊಂದು ವರ್ಷದಾಂವ,
ಕೈಲೇ ಹೇಳಿದ: ಇದು ಹೊಡೆದಾಟದ್ದಲ್ಲ ಮಾಮಾ,
ಅಡಗಿ ಹೋಗೂದು.
ಎರಡು ಬೆರಳು ಅಂಗೈ ಮ್ಯಾಲ ನಡಸಿ ತೋರಿಸಿದ,
ಬೆಕ್ಕಿನ ಹಂಗ.

ರಾತ್ರಿ ಅವ ಮಲಗಿದ ಮ್ಯಾಲ ನಾನು ಕುಂತೆ.
ಕಲ್ಲಿನ ಕ್ವಾಟಿ. ಕಂಬಕ್ಕೊಂದು ಪಂಜು.
ಕರೀ ಟೊಪ್ಪಿಗಿ ಹಾಕ್ಕೊಂಡಾಂವ ನಾನು.
ಕದಿಯೂದು ಒಂದು ಪತ್ರ. ಯಾರದು, ಯಾಕ,
ಅದನ್ನ ಮೊದಲೇ ಯಾರೋ ಬಾಯಿಲೇ ಹೇಳಿರಬೇಕು.
ಆ ಕಾಲದ ಆಟದಾಗ ಮಂದಿಯ ತುಟಿ ಅಲುಗೂದಿಲ್ಲ.
ಕಿನ್ನಾಳದ ಗೊಂಬಿ ಹಂಗ ಮಾರಿ,
ಮಾತು ಎಲ್ಲಿಂದ ಬರತೈತೋ.
ತುಟಿ ಓದಿ ಬದುಕಿದ ನನಗ
ಕಣ್ಣೂ ಕೆಲಸಕ್ಕ ಬರಲಿಲ್ಲ.

ಮೊದಲ ಕಾವಲಿನಾಂವನ ಬೆನ್ನ ಹಿಂದ ಹೊಂಟೆ.
ಅವ ತಿರುಗಿದ. ಸತ್ತೆ.
ಮತ್ತೊಮ್ಮೆ ಇನ್ನೂ ದೂರನೇ ಇದ್ದೆ. ತಿರುಗಿದ. ಸತ್ತೆ.
ಬೆಳಕಿರಲಿಲ್ಲ, ಗ್ವಾಡಿಗೆ ಅಂಟಿದ್ದೆ.
ಬೆನ್ನಿಗೂ ಕಣ್ಣು ಅದಾವೇನು ಇವಗ ಅಂತ
ಏಳು ಸಲ ಸತ್ತ ಮ್ಯಾಲ ಕಂಡಿತು:
ಪಡದೆಯ ಮೂಲ್ಯಾಗ, ಕೆಳಗ, ಒಂದು ಬಿಳೀ ಗೆರಿ.
ನಾ ನಿಂತರ ಮಲಗತೈತಿ.
ನಡದರ ಏಳತೈತಿ.
ಓಡಿದರ ಹೆಡಿ ಎತ್ತತೈತಿ.

ಗಾಲೀಚಾದ ಮ್ಯಾಲ ಒಂದು ಎಳಿಯಷ್ಟು.
ಮಣ್ಣಿನ ಮ್ಯಾಲ ಎರಡೆಳಿ.
ತಗಡಿನ ಮ್ಯಾಲ ಕಾಲಿಟ್ಟೆ ನೋಡು,
ಕ್ವಾಟಿಗೆ ಕ್ವಾಟಿನೇ ಎದ್ದು ನಿಂತಿತು.

ಹಿಂಗಾ?
ನೆಲಕ್ಕೊಂದು ಸಪ್ಪಳ ಇರತೈತಾ?
ಮೂವತ್ತಾರು ವರ್ಷ ನಡದೇನಿ ಈ ಕಾಲಿಲೇ,
ಯಾರೂ ನನಗ ಲೆಕ್ಕ ಕೊಟ್ಟಿದ್ದಿಲ್ಲ.

ಆಟ ನಿಲ್ಲಿಸಿ ಕುಂತೆ.
ನಸುಕಿನ್ಯಾಗ ಬಚ್ಚಲಕ್ಕ ಹೋಗುವಾಗೆಲ್ಲಾ
ಅವ್ವ ಹಾಸಿಗ್ಯಾಗಿಂದ ಅಂಗೈ ನೆಲಕ್ಕ ಒತ್ತಿ ತೋರಿಸತಿದ್ದಳು.
ನಾನು ತಿಳದದ್ದು: ಮಲಗು, ಇನ್ನೂ ಹೊತ್ತೈತಿ.
ಅಕ್ಕನ ಗಂಡನ ಮನ್ಯಾಗ ಚರಿಗಿ ಕೆಳಗಿಟ್ಟರ
ಒಳಕ್ವಾಣಿಯ ಮಾರಿಗಳೆಲ್ಲಾ ಒಮ್ಮೆಲೇ ಇತ್ತ.
ನಾನು ತಿಳದದ್ದು: ನನ್ನ ನೋಡಿ ಖುಷಿಪಡತಾರ.
ನಾನೂ ನಗತಿದ್ದೆ.
ಗುಳೇದಗುಡ್ಡದಾಗ ಹೆಣ್ಣು ನೋಡಾಕ ಹೋದಾಗ
ಚಹಾ ಕುಡದೆ. ಆಕಿ ತಲಿ ಎತ್ತಿ ನೋಡಿದಳು, ಒಂದೇ ಸಲ.
ಆ ನೋಟ ಎಂಟು ವರ್ಷ ಇಟ್ಟುಕೊಂಡೇನಿ.
ಬಸಿಯಿಂದ ಹೀರಿದ್ದೆ.
ಅದು ಎಷ್ಟು ಗೆರಿ?

ಬೆಟಗೇರಿಯ ಮಗ್ಗದ ಶೆಡ್ಡಿನ್ಯಾಗ ಮಾತ್ರ
ನನಗ ಯಾರೂ ತಿರುಗಿ ನೋಡೂದಿಲ್ಲ.
ಹನ್ನೆರಡು ಪಾವರ್‌ಲೂಮು ಒಮ್ಮೆಲೇ ಎದಿಗೆ ಗುದ್ದತಾವ,
ಅಲ್ಲಿ ತುಳಜಾಸಾನೂ ಕೈಲೇ ಮಾತಾಡತಾನ,
ಹನಮವ್ವನೂ ಹುಬ್ಬಿಲೇ ಬೈತಾಳ.
ಅಲ್ಲಿ ಎಲ್ಲಾರ ಗೆರಿ ಮ್ಯಾಲೇ ಮುಟ್ಟಿರತೈತಿ,
ಹಂಗಂದರ ಯಾರದೂ ಇಲ್ಲ.

ಮತ್ತ ಹೊಕ್ಕೆ.
ಈ ಸಲ ಗೆರಿಯನ್ನೇ ನೋಡಕೋತ ನಡದೆ,
ಹರಿಯೂ ಎಳಿ ಹಿಡದಂಗ ಉಸಿರು ಹಿಡದು.
ಕಾವಲಿನಾಂವ ಪಂಜಿನ ಕೆಳಗ ತೂಕಡಸತಿದ್ದ.
ಅವನ ಸೊಂಟದಾಗಿನ ಕೀಲಿ ನನ್ನ ಕೈಯಾಗ.
ಅವಗ ಗೊತ್ತಾಗಲಿಲ್ಲ.
ಕಿವಿ ಇದ್ದಾಂವನ ಹಿಂದ
ನಾನು ಇಲ್ಲದಂಗ ನಿಂತಿದ್ದೆ.
ಗೊತ್ತಿದ್ದು ನಿಂತಿದ್ದೆ, ಮೊದಲ ಸಲ.

ಪತ್ರ ಇನ್ನೊಂದು ಕ್ವಾಣಿಯಷ್ಟ ದೂರ.
ಹಾಸಗಲ್ಲಿನ ಉದ್ದನ್ನ ಪಡಸಾಲಿ, ಆಚೀಚೆ ಆರು ಮಂದಿ.
ಏನಾತೋ ಏನೋ,
ಓಡಿದೆ.
ಕದಿಯಾಕಲ್ಲ. ಆ ಗೆರಿ ಎಲ್ಲೀತನಕ ಹೋಗತೈತಿ ನೋಡೂಣಂತ.
ಹೋತು, ಹೋತು, ಚೌಕಟ್ಟು ದಾಟಲಾರದ ಒದ್ದಾಡಿತು.
ಆರೂ ಮಾರಿ ನನ್ನ ಕಡೆ ತಿರುಗಿದವು.
ಸತ್ತೆ ಮತ್ತ, ಪಡಸಾಲಿಯ ನಡುವ.

ಭುಜದ ಮ್ಯಾಲ ಸಣ್ಣ ಕೈ.
ಲೋಕೂಸಾ, ಕಣ್ಣುಜ್ಜಿಕೋತ ನಿಂತಾನ.
ನಕ್ಕೆನೇನು?
ಹೂಂ ಅಂತ ತಲಿ ಹಾಕಿದ.
ಎಷ್ಟು?
ಸ್ವಲ್ಪ ವಿಚಾರ ಮಾಡಿದ. ಬಗ್ಗಿ
ಅಂಗೈ ನೆಲದಿಂದ ಎತ್ತಕೋತ ಎತ್ತಕೋತ ಬಂದ,
ಮೊಣಕಾಲು, ಸೊಂಟ, ತನ್ನ ಎದಿ,
ತುದಿಗಾಲ ಮ್ಯಾಲ ನಿಂತು
ಇನ್ನೂ ಎತ್ತಾಕ ಹತ್ತಿದ್ದ.